ಮನೆ ತೆಗೆಯುವವರು

ನನ್ನ ಆಫೀಸಿನ ಪಟ್ಟಿಯಲ್ಲಿ ಮಾರಾಟವಾಗದೆ ಉಳಿದಿರುವ ಮನೆಗಳು ಈಗ ಹನ್ನೊಂದು. ಅವುಗಳ ಪೈಕಿ ನಾಲ್ಕರಲ್ಲಿ ಅವರು ಇನ್ನೂ ನಿಂತಿದ್ದಾರೆ. ಒಂದರಲ್ಲಿ ಮಲಗುವ ಕೋಣೆಯ ಬೀರುವಿನ ಕನ್ನಡಿಯಲ್ಲಿ, ಒಂದರಲ್ಲಿ ಕೈತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ, ಮತ್ತೊಂದರಲ್ಲಿ ಆರಿಸಿಟ್ಟ ಟಿವಿಯ ಕಪ್ಪು ಗಾಜಿನಲ್ಲಿ. ನಾಲ್ಕನೆಯದು ಹುಡುಕಿದರೆ ಮಾತ್ರ ಸಿಗುತ್ತದೆ: ಅಡುಗೆಮನೆಯ ಶೆಲ್ಫಿನ ಮೇಲಿರುವ ಸ್ಟೀಲ್ ಡಬ್ಬಿಯ ಹೊಟ್ಟೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮನುಷ್ಯ, ಬಿಳಿ ಟೋಪಿ, ಮುಖಕ್ಕೆ ಅಡ್ಡ ಹಿಡಿದ ಕ್ಯಾಮೆರಾ. ಅವರು ತೀರಿಹೋಗಿ ನಾಲ್ಕು ತಿಂಗಳಾಯಿತು. ಗಿರಾಕಿಗಳು ಫೋನಿನಲ್ಲಿ ಒಂದೊಂದೇ ಫೋಟೋ ಸರಿಸುತ್ತ ಬಂದು ಅಲ್ಲಿ ನಿಲ್ಲುತ್ತಾರೆ. "ಇವರು ಯಾರು? ಮನೆಯಲ್ಲಿ ಬಾಡಿಗೆಗೆ ಇದ್ದಾರಾ?" ಎಂದು ಕೇಳುತ್ತಾರೆ. ಅಲ್ಲ, ಫೋಟೋ ತೆಗೆದವರು ಎನ್ನುತ್ತೇನೆ. ಆ ನಾಲ್ಕು ಫೋಟೋಗಳನ್ನು ಅಳಿಸಿಹಾಕುವುದು ಎರಡು ನಿಮಿಷದ ಕೆಲಸ. ನನ್ನ ಕೈಲಿ ಆಗಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಅವರ ಕೊನೆಯ ಹತ್ತು ತಿಂಗಳು ನಾನು ಅವರಿಗೆ ಕೆಲಸ ಕೊಡಲಿಲ್ಲ. ನೀವು ಬೇಡ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟೆ. ಕಳೆದ ತಿಂಗಳು ಅವರ ಹೆಂಡತಿ ಫೋನ್ ಮಾಡಿದರು. ಮನೆ ಮಾರಬೇಕು, ಫೋಟೋ ತೆಗೆಯಲು ಯಾರನ್ನಾದರೂ ಕಳಿಸಿ ಎಂದರು. ಫೋಟೋ ತೆಗೆಯುವವರ ಮನೆಯ ಫೋಟೋಕ್ಕೆ ಯಾರನ್ನು ಕಳಿಸುವುದು ಎಂದು ನಾನು ಒಂದು ವಾರ ಕೂತು ಯೋಚಿಸಿದೆ. ನಿಜಕ್ಕೂ ಯೋಚಿಸುತ್ತಿದ್ದದ್ದು ಅದನ್ನಲ್ಲ. ಆ ಹೆಂಗಸಿನ ಎದುರಿಗೆ ಹೋಗಿ ನಿಜ ಹೇಳುವುದೋ ಬಿಡುವುದೋ ಎಂಬುದನ್ನು.

ಶಿರಸಿಯಲ್ಲಿ ನನ್ನ ಮಾವನವರು ದಸ್ತಾವೇಜು ಬರೆಯುತ್ತಿದ್ದ ಅಂಗಡಿಯಲ್ಲೇ ನನ್ನ ಆಫೀಸು. ಅವರು ಮಾರಿದವರ, ಕೊಂಡವರ ಪತ್ರ ಬರೆದರು. ನಾನು ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸಿಕೊಡುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕು ನನ್ನ ಓಡಾಟದ ಎಲ್ಲೆ. ಶುರುವಿನಲ್ಲಿ ಫೋಟೋಗಳನ್ನು ನಾನೇ ಫೋನಿನಲ್ಲಿ ತೆಗೆಯುತ್ತಿದ್ದೆ. ಒಂದು ಸಲ ಹುಬ್ಬಳ್ಳಿಯ ಗಿರಾಕಿಯೊಬ್ಬರು ಫೋನ್ ಮಾಡಿ, "ಮೇಡಂ, ಫೋಟೋದಾಗ ಲುಂಗಿ ಕಾಣ್ತದ, ಬಕೆಟ್ ಕಾಣ್ತದ, ನಿಮ್ಮ ಬೆರಳೂ ಕಾಣ್ತದ. ಮನಿ ಎಲ್ಲೈತ್ರಿ?" ಎಂದು ಕೇಳಿದರು. ಆವತ್ತು ನನಗೆ ಅವಮಾನವಾಯಿತು. ಸಂಜೆಗೇ ಫೋಟೋಗ್ರಾಫರನನ್ನು ಹುಡುಕಿಕೊಂಡು ಪೇಟೆ ಸುತ್ತಿದೆ.

ಒಬ್ಬರು ಮದುವೆ ಸೀಸನ್ನು ಮುಗಿಯಲಿ ಎಂದರು. ಇನ್ನೊಬ್ಬರು ಮನೆಯ ಫೋಟೋಕ್ಕೆ ಮಾಡೆಲ್ ಬೇಕಲ್ಲ ಎಂದು ನಕ್ಕರು. ಮೂರನೆಯದು ಅವರ ಸ್ಟುಡಿಯೋ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ವಾಸದ ಮನೆಯ ಮುಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಅವರ ಅಪ್ಪ, ಅಣ್ಣಂದಿರು ಎಲ್ಲ ಲಾರಿಯವರು. ಇವರೊಬ್ಬರು ಸ್ಟೇರಿಂಗು ಬಿಟ್ಟು ಕ್ಯಾಮೆರಾ ಹಿಡಿದವರು. ಅರುವತ್ತು ದಾಟಿದ ಸಣಕಲು ಮನುಷ್ಯ. ಓಣಿಯ ಎಲ್ಲ ಜಾತಿಯವರಿಗೂ ಅವರು ಚಾಚಾ. ಬಂದ ಕೆಲಸ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಮನೆಗೆ ಯಾವ ಸೈಜು ಬೇಕು ತಂಗೀ? ಪಾಸ್‌ಪೋರ್ಟ್ ಸೈಜಾ, ಕಾರ್ಡ್ ಸೈಜಾ?" ಎಂದು ಕೇಳಿದರು. ಮುಖದಲ್ಲಿ ನಗು ಇರಲಿಲ್ಲ. ಚೇಷ್ಟೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹಾಗೆ ಆರಿಸಿಕೊಂಡೆ ಅವರನ್ನು. ಆರಿಸಿಕೊಂಡೆ ಎನ್ನುವುದು ದೊಡ್ಡ ಮಾತು. ಉಳಿದವರು ಒಲ್ಲೆ ಎಂದರು, ಇವರು ಹೂಂ ಎಂದರು.

ಅವರು ಕೆಲಸ ಮಾಡುವ ರೀತಿ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಬೀಗ ಹಾಕಿ ವರ್ಷಗಟ್ಟಲೆ ಆಗಿರುವ ಮನೆಗೆ ಹೋದರೂ ಬಾಗಿಲು ತಟ್ಟುತ್ತಿದ್ದರು. ಕೀಲಿಕೈ ನನ್ನ ಕೈಯಲ್ಲೇ ಇರುತ್ತಿತ್ತು. "ಒಳಗೆ ಯಾರೂ ಇಲ್ಲ ಚಾಚಾ" ಎಂದರೆ, "ಗೊತ್ತುಂಟು, ತಟ್ಟಿದ್ರೆ ಎಂತ ಖರ್ಚು?" ಎನ್ನುತ್ತಿದ್ದರು. ಒಳಗೆ ಹೋದಮೇಲೆ ಒಂದೊಂದು ಕೋಣೆಯ ಬಾಗಿಲನ್ನೂ ತಟ್ಟಬೇಕು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದು, ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತುಬಿಡುತ್ತಿದ್ದರು. ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತಿತ್ತು. ಹದಿನೈದು ನಿಮಿಷ, ಕೆಲವು ಸಲ ಅರ್ಧ ಗಂಟೆ. ನಾನು ಗಡಿಯಾರ ನೋಡುತ್ತ ಹೊರಗೆ ಶತಪಥ ಹಾಕುತ್ತಿದ್ದೆ. ಎಂತ ಕಾಯುವುದು ಎಂದು ಕೇಳಿದರೆ ಬಿಸಿಲು ಎನ್ನುತ್ತಿದ್ದರು. ಬಿಸಿಲಿಗಾಗಿ ಅಲ್ಲ ಎಂದು ನನಗೂ ಗೊತ್ತಿತ್ತು.

ಆ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ಯಲ್ಲಾಪುರದ ದಾರಿಯಲ್ಲಿ, ಚಹಾ ಕುಡಿಯಲು ನಿಂತಾಗ ಹೇಳಿದರು. ಮೂವತ್ತು ವರ್ಷ ಅವರ ಸ್ಟುಡಿಯೋಕ್ಕೆ ಒಂದು ಬಗೆಯ ಕರೆ ತಪ್ಪದೆ ಬರುತ್ತಿತ್ತಂತೆ. ಯಾರ ಮನೆಯಲ್ಲಾದರೂ ಹಿರಿಯರು ಹೋದರೆ, ಎತ್ತುವ ಮೊದಲು ಒಂದು ಫೋಟೋ. ಎಷ್ಟೋ ಜನರಿಗೆ ಬದುಕಿದ್ದಾಗ ಒಂದೇ ಒಂದು ಫೋಟೋ ಇರುತ್ತಿರಲಿಲ್ಲ. ಗೋಡೆಗೆ ಹಾಕಲು ಏನಾದರೂ ಬೇಕಲ್ಲ, ಅದಕ್ಕಾಗಿ ಹೆಣವನ್ನೇ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು.

"ಅಳುವವರು ಅಳ್ತಾ ಇರ್ತಾರೆ. ನಾನು ಹೋಗಿ ಬಾಯಿ ಮುಚ್ಚಿಸ್ಬೇಕು, ಕಣ್ಣು ಮುಚ್ಚಿಸ್ಬೇಕು, ಶಾಲು ಸರಿ ಮಾಡ್ಬೇಕು. ಒಂದೊಂದ್ಸಲ ನನ್ನ ಕೈಯಲ್ಲೇ ಗಲ್ಲ ಎತ್ತಿ ಹಿಡ್ಕೊಳ್ಳೂದು. ಕೇಳದೆ ಮುಟ್ಲಿಕ್ಕೆ ಆಗ್ತದಾ? ಮನಸ್ಸಲ್ಲೇ ಕೇಳ್ತಿದ್ದೆ, ಅಜ್ಜಾ ಮುಟ್ತೇನೆ ಅಂತ. ಈಗ ಮನೆಗೂ ಹಾಗೇ. ಕೆಲಸ ಮಾತ್ರ ಉಲ್ಟಾ. ಅಲ್ಲಿ ಎಲ್ಲ ಮುಚ್ಚಿಸ್ಬೇಕಿತ್ತು, ಇಲ್ಲಿ ಎಲ್ಲ ತೆಗಿಸ್ಬೇಕು."

ಹೇಳಿ ಚಹಾದ ಲೋಟವನ್ನು ತಾವೇ ತೊಳೆದು ಇಟ್ಟರು. ಅಲ್ಲಿಂದ ಮುಂದೆ ಖಾಲಿ ಮನೆಯೊಳಗೆ ಅವರು ನೆಲದ ಮೇಲೆ ಕೂತದ್ದನ್ನು ಕಂಡಾಗೆಲ್ಲ, ಎದುರಿಗೆ ಯಾರೋ ಗೋಡೆಗೆ ಒರಗಿದ್ದಾರೆ ಅನ್ನಿಸಿ ನಾನು ಹೊರಗೇ ಉಳಿಯುತ್ತಿದ್ದೆ.

ತೆಗೆಯುವುದು ಎಂಬ ಮಾತು ನಮ್ಮಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಾಗಿಲು ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಹಳೆಯ ಮನೆ ತೆಗೆದು ಹೊಸದು ಕಟ್ಟುತ್ತೇವೆ. ಚಾಚಾ ಎಲ್ಲರಂತೆ ಫೋಟೋ ತೆಗೆಯಲಿಕ್ಕೆ ಬರುತ್ತೇನೆ ಎನ್ನುತ್ತಿರಲಿಲ್ಲ. ಮದುವೆಯ ಮನೆಗೆ ಫೋನ್ ಮಾಡಿ "ಮದುಮಗಳನ್ನ ಎಷ್ಟು ಗಂಟೆಗೆ ತೆಗೀಬೇಕು?" ಎಂದು ಕೇಳಿ ರೂಢಿಯಾದವರು. ಅದೇ ಧಾಟಿಯಲ್ಲಿ ಯಲ್ಲಾಪುರದ ಒಂದು ಮನೆಗೆ ಫೋನ್ ಮಾಡಿದರು. ಉಮ್ಮಚಗಿ ಕಡೆಯ ಒಂದು ಕುಟುಂಬ ಪೇಟೆಯಲ್ಲಿ ಕಟ್ಟಿಸಿಕೊಂಡಿದ್ದ ಮನೆ ಅದು. ಮಗ ಮಾರಲು ಕೊಟ್ಟಿದ್ದ. ಫೋನ್ ಎತ್ತಿದ್ದು ಅವನ ತಾಯಿ. "ಅಮ್ಮಾ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮನೆ ತೆಗೀಲಿಕ್ಕೆ ಬರ್ತೇವೆ" ಎಂದು ಹೇಳಿ ಇಟ್ಟರು.

ಮಾರನೆಯ ದಿನ ನಾವು ಹೋದಾಗ ಓಣಿಯವರೆಲ್ಲ ಆ ಮನೆಯ ಮುಂದೆ ಸೇರಿದ್ದರು. ಅಜ್ಜಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಕಿಟಕಿಯ ಸರಳಿನ ಹಿಂದೆ ಮುಖ ಮಾತ್ರ ಕಾಣುತ್ತಿತ್ತು. "ಆನು ಬದುಕಿದ್ದಾಗ ಈ ಮನೆ ತೆಗ್ಯಲೆ ಬಿಡ್ತ್ನಿಲ್ಲೆ!" ಎಂದು ಕೂಗುತ್ತಿದ್ದಳು. ಮಗ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದ. ಜೆಸಿಬಿ ಎಲ್ಲಿ ನಿಲ್ಲಿಸಿದ್ದೀರಿ ಎಂದು ನೆರೆಯವರೊಬ್ಬರು ನನ್ನನ್ನೇ ಗದರಿಸಿದರು.

ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದೆ. ಚಾಚಾ ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಬ್ಯಾಗು ಬಿಚ್ಚಿ ಕ್ಯಾಮೆರಾ ತೋರಿಸಿದರು. "ಅಮ್ಮಾ, ಇದರಲ್ಲಿ ಒಂದು ಹಂಚೂ ತೆಗೀಲಿಕ್ಕೆ ಆಗೂದಿಲ್ಲ. ನೀವೇ ಹಿಡ್ದು ನೋಡಿ" ಎಂದು ಸರಳುಗಳ ನಡುವಿನಿಂದ ಅದನ್ನು ಒಳಗೆ ಕೊಟ್ಟರು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಚಿಲಕ ತೆಗೆದಳು. ಆವತ್ತು ಚಾಚಾ ಆ ಮನೆಯಲ್ಲಿ ಮಧ್ಯಾಹ್ನದವರೆಗೆ ಇದ್ದರು. ಅಜ್ಜಿ ಪ್ರತಿ ಕೋಣೆಯಲ್ಲೂ ನಿಂತು ಇಲ್ಲಿ ಯಾರು ಹುಟ್ಟಿದರು, ಇಲ್ಲಿ ಯಾರು ಜ್ವರ ಬಂದು ಮಲಗಿದ್ದರು ಎಂದು ಹೇಳುವುದು, ಇವರು ಹೂಂಗುಟ್ಟುತ್ತ ಕ್ಯಾಮೆರಾ ಒತ್ತುವುದು. ಹೊರಡುವಾಗ ಅಜ್ಜಿ ಕರಿದ ಹಲಸಿನ ಹಪ್ಪಳ ಕಟ್ಟಿಕೊಟ್ಟಳು.

ಈ ಕತೆಯನ್ನು ನಾನು ಕಂಡಕಂಡವರಿಗೆಲ್ಲ ಹೇಳಿ ನಗಿಸಿದ್ದೇನೆ. ಆರು ತಿಂಗಳ ಮೇಲೆ ಆ ಮನೆ ಕೊಂಡವರು ಜೆಸಿಬಿ ತಂದರು. ಅವರಿಗೆ ಬೇಕಿದ್ದದ್ದು ಜಾಗ. ಒಂದು ಬೆಳಿಗ್ಗೆ ಶುರುವಾದ ಕೆಲಸ ಊಟದ ಹೊತ್ತಿಗೆ ಮುಗಿಯಿತಂತೆ. ನಾನು ಅದನ್ನು ಚಾಚಾಗೆ ಹೇಳಿದಾಗ, "ಅಜ್ಜಿಗೆ ಸರಿಯಾಗೇ ಕೇಳಿಸಿತ್ತು ತಂಗೀ. ಸುಳ್ಳು ಹೇಳಿದ್ದು ನಾನು" ಎಂದರು. ಆ ದಿನದ ನಂತರ ಫೋನಿನಲ್ಲಿ "ಮನೆ ನೋಡ್ಲಿಕ್ಕೆ ಬರ್ತೇವೆ" ಎಂದಷ್ಟೇ ಹೇಳುತ್ತಿದ್ದರು. ನಾನು ಆ ಕತೆ ಹೇಳುವುದನ್ನು ನಿಲ್ಲಿಸಿದೆ.

ಇನ್ನು ಕನ್ನಡಿಯ ವಿಷಯ. ಮನೆಯ ಫೋಟೋ ತೆಗೆಯುವವರು ಕನ್ನಡಿಯಲ್ಲಿ ಕಾಣಿಸಬಾರದು ಎನ್ನುವುದು ಈ ಕಸುಬಿನ ಒಂದನೇ ಪಾಠ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮುಗಿಯಿತು. ಇವರು ಸರಿಯುತ್ತಿರಲಿಲ್ಲ. ಮೊದಲು ಗಮನಿಸಿಲ್ಲ ಎಂದುಕೊಂಡೆ, ಆಮೇಲೆ ಕಣ್ಣು ಮಂಜಾಗಿದೆ ಎಂದುಕೊಂಡೆ, ಕೊನೆಗೆ ಜಗಳಕ್ಕೇ ನಿಂತೆ.

"ಎಂತದು ಚಾಚಾ ಇದು? ಮನೆ ತೋರಿಸೂದಾ, ನಿಮ್ಮನ್ನ ತೋರಿಸೂದಾ?"

"ಯಾರಾದ್ರೂ ಒಬ್ರು ಇರ್ಲಿ ಮಾರಾಯ್ತಿ. ಪೂರಾ ಖಾಲಿ ಮನೆ ನೋಡಿದ್ರೆ ಜನಕ್ಕೆ ಹೆದರಿಕೆ ಆಗ್ತದೆ."

"ನಿಮ್ಮನ್ನ ನೋಡಿಯೇ ಹೆದರ್ತಾ ಇದಾರೆ."

ಅದಕ್ಕೆ ಮಾತ್ರ ನಕ್ಕರು. ಸರಿಯಲಂತೂ ಇಲ್ಲ.

ಗೋಡೆಯ ಒದ್ದೆ ಕಲೆ, ಬಾಗಿಲ ಮೇಲಿನ ಬಿರುಕು, ಬಚ್ಚಲಿನಲ್ಲಿ ಕಿತ್ತುಹೋದ ನೆಲ, ಇವುಗಳ ಫೋಟೋವನ್ನೂ ಕೇಳದೆಯೇ ತೆಗೆದುಕೊಡುತ್ತಿದ್ದರು. ಹುಲಗೋಳದ ಹತ್ತಿರ ಒಂದು ಮನೆಯ ಯಜಮಾನರು ತಮ್ಮ ಗೋಡೆಯ ಬಿರುಕನ್ನು ಫೋನಿನಲ್ಲಿ ನೋಡಿ ನನ್ನ ಮೇಲೆ ಹರಿಹಾಯ್ದರು. ಚಾಚಾ ಹೇಳಿದ್ದು ಇಷ್ಟೆ: "ಮುಖದಲ್ಲಿ ಕಲೆ ಇದ್ದವರಿಗೆ ಪೌಡರ್ ಹಾಕಿ ತೆಗೀಬಹುದು. ಹುಡುಗಿ ನೋಡ್ಲಿಕ್ಕೆ ಬಂದವರಿಗೆ ಕಾಣದೆ ಇರ್ತದಾ?" ಒಂದು ಮಾತು ಒಪ್ಪಿಕೊಳ್ಳಬೇಕು. ಅವರು ತೆಗೆದ ಫೋಟೋ ನೋಡಿ ಮನೆಗೆ ಬಂದವರು ಯಾರೂ ಮೋಸವಾಯಿತು ಎನ್ನಲಿಲ್ಲ. ಆದರೆ ಬರುವವರೇ ಕಡಿಮೆಯಾಗುತ್ತ ಹೋದರು.

ಆಗ ಫೋಟೋ ತೆಗೆಯುವ ಸಿದ್ದಾಪುರದವಳೊಬ್ಬಳು ಬಂದಳು. ಮೂವತ್ತರ ಆಸುಪಾಸು, ತನ್ನದೇ ಕಾರು, ಡ್ರೋನು, ಹತ್ತು ಅಡಿ ಕೋಣೆಯನ್ನು ಹದಿನೆಂಟು ಅಡಿ ತೋರಿಸುವ ಲೆನ್ಸು. ಕೆಟ್ಟವಳಲ್ಲ, ಚುರುಕಿನವಳು, ಹೇಳಿದ ಹೊತ್ತಿಗೆ ಬರುವವಳು. ಸಿದ್ದಾಪುರದ ಒಬ್ಬ ಮನೆ ಮಾಲೀಕರು ಪಕ್ಕದ ಮನೆಯನ್ನು ಅವಳು ತೆಗೆದ ವಿಡಿಯೋ ನನಗೆ ತೋರಿಸಿ, "ನಿಮ್ಮ ಚಾಚಾ ತೆಗೆದ್ರೆ ಮನೆ ಸತ್ತವರ ಹಾಗೆ ಕಾಣ್ತದೆ" ಎಂದರು. ಅವರಿಗೆ ಚಾಚಾನ ಹಳೆಯ ಕೆಲಸ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದರು. ನನಗೆ ಗೊತ್ತಿತ್ತು. ನಿಜ ಎನ್ನಿಸಿತು. ಆ ಮನೆಗೆ ಅವಳನ್ನು ಕರೆದೆ. ಮುಂದಿನದಕ್ಕೂ ಅವಳನ್ನೇ ಕರೆದೆ.

ಚಾಚಾ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಒಂದೇ ಮಾತು ಹೇಳಿದೆ: "ಈಗ ಕೆಲಸ ಕಡಿಮೆ ಚಾಚಾ, ಇದ್ದಾಗ ಹೇಳ್ತೆ." ಮೂರು ಸಲವೂ ಅವರು "ಆಯ್ತು ತಂಗೀ" ಎಂದರು. ನಾಲ್ಕನೆಯ ಸಲ ಮಾಡಲಿಲ್ಲ. ನನಗೆ ಹಗುರವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಒಂದು ಮಧ್ಯಾಹ್ನ ಶಿರಸಿಯಲ್ಲೇ, ಬನವಾಸಿ ರಸ್ತೆಯ ಕಡೆಯ ಒಂದು ಹೊಸ ಮನೆಯನ್ನು ಅವಳು ತೆಗೆಯುತ್ತಿದ್ದಳು. ನಾನು ಗೇಟಿನ ಹತ್ತಿರ ನಿಂತಿದ್ದೆ. ತಿರುಗಿದರೆ ರಸ್ತೆಯ ಆಚೆ ಬದಿಯಲ್ಲಿ ಚಾಚಾ. ಹೆಗಲಿಗೆ ಕ್ಯಾಮೆರಾ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ. ಮೇಲೆ ಹಾರುತ್ತಿದ್ದ ಡ್ರೋನನ್ನು ಕತ್ತೆತ್ತಿ ನೋಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಯಾರ ಫೋನೂ ಬಾರದಿದ್ದರೂ ಫೋನ್ ಕಿವಿಗಿಟ್ಟು, ಹಲೋ ಹಲೋ ಎನ್ನುತ್ತ ಕಾರಿನ ಹಿಂದೆ ಹೋದೆ. ಗಾಜಿನ ಮೂಲಕ ನೋಡುತ್ತಲೂ ಇದ್ದೆ. ಅವರು ರಸ್ತೆ ದಾಟಿ ಬಂದು ಅವಳ ಹತ್ತಿರ ಏನೋ ಹೇಳಿದರು. ಎರಡೂ ಕೈ ಎತ್ತಿ ಮೇಲಿನ ಕಿಟಕಿಯ ಕಡೆ ತೋರಿಸಿದರು. ನನ್ನ ಕಡೆ ತಿರುಗದೆ ಹೋದರು. ಆಮೇಲೆ ಅವಳನ್ನು ಕೇಳಿದೆ.

"ನಾಲ್ಕು ಗಂಟೆಗೆ ಆ ಕಿಟಕಿಗೆ ಬಿಸಿಲು ಬರ್ತದೆ, ಅಲ್ಲಿವರೆಗೆ ಕಾಯಿ ಅಂದ್ರು. ಯಾರು ಮೇಡಂ ಅವ್ರು?"

ಯಾರೋ ಹಳೇ ಫೋಟೋಗ್ರಾಫರು ಎಂದೆ. ಅವಳು ಕಾದಳು. ಆ ಫೋಟೋದಿಂದಲೇ ಆ ಮನೆ ಮಾರಿಹೋಯಿತು.

ಅವರು ತೀರಿಹೋದದ್ದು ನನಗೆ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ, ಕಿರಾಣಿ ಅಂಗಡಿಯಲ್ಲಿ. ಬೆಳಿಗ್ಗೆ ಹೊರಟವರು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಲ್ಲೇ ಹೋದರಂತೆ. ಯಾವ ಬಸ್ಸಿಗೆ ಕಾಯುತ್ತಿದ್ದರು ಎಂದು ಯಾರಿಗೂ ತಿಳಿಯಲಿಲ್ಲ. ನಾನು ಅವರ ಮನೆಗೆ ಹೋಗಲಿಲ್ಲ. ಇವತ್ತು ಹೋಗುವುದು, ನಾಳೆ ಹೋಗುವುದು ಎಂದುಕೊಳ್ಳುತ್ತ ಮೂರು ತಿಂಗಳು ಕಳೆದೆ. ಆಗ ಹೆಂಡತಿಯ ಫೋನ್ ಬಂತು.

ಹೋದೆ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋದ ನೀಲಿ ಪರದೆ ಹಾಗೆಯೇ ಇತ್ತು. ಅದರ ಮುಂದಿನ ಸ್ಟೂಲಿನ ಮೇಲೆಯೇ ನನ್ನನ್ನು ಕೂರಿಸಿದರು, ಬೇರೆ ಕುರ್ಚಿ ಇರಲಿಲ್ಲ. ಚಾಚಿ ನನಗೆ ಅಷ್ಟು ಪರಿಚಯದವರಲ್ಲ. ಗಟ್ಟಿ ದನಿಯ, ಕಡಿಮೆ ಮಾತಿನ ಹೆಂಗಸು. ಮಕ್ಕಳಿಲ್ಲ. ಯಲ್ಲಾಪುರದಲ್ಲಿ ತಂಗಿ ಇದ್ದಾಳೆ, ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಇಬ್ಬರೂ ಒಟ್ಟಿಗೆ ಇರುವುದು ಎಂದು ತೀರ್ಮಾನವಾಗಿದೆ ಎಂದರು.

"ಇಲ್ಲಿ ಇರ್ಲಿಕ್ಕೆ ಆಗೂದಿಲ್ಲ ಮೇಡಮ್ಮ. ಬೆಳಿಗ್ಗೆ ಎಂಟಕ್ಕೆ ಚಪ್ಪಲಿ ಸದ್ದು ಕೇಳ್ತದೆ. ಕೇಳೂದಿಲ್ಲ ಅಂತ ನಂಗೂ ಗೊತ್ತುಂಟು. ಆದ್ರೂ ಎದ್ದು ಹೋಗಿ ನೋಡ್ತೇನೆ. ದಿನಾ ನೋಡ್ತೇನೆ. ಈ ಮನೆ ಬೇಗ ಹೋಗ್ಬೇಕು."

ನಾನು ತಲೆಯಾಡಿಸಿದೆ. ಅವರು ಮಡಿಲಲ್ಲಿ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತ, "ಕೊನೇ ದಿನದವರೆಗೂ ನಿಮ್ಮ ಕೆಲಸಕ್ಕೇ ಹೋದ್ರಲ್ಲ ಇವರು" ಎಂದರು.

ಇದೇ ಕ್ಷಣಕ್ಕೆ ನಾನು ಒಂದು ವಾರ ತಯಾರಿ ಮಾಡಿಕೊಂಡಿದ್ದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೇ ಬಂದಿದ್ದೆ. ಬಾಯಿಂದ ಬಂದದ್ದು, "ಹೌದು ಚಾಚಿ. ಕೊನೇ ತನಕ."

ಚಾಚಿ ಹೂಂ ಎಂದರು. ಎದ್ದು ಒಳಗೆ ಹೋಗಿ ಬ್ಯಾಗು ತಂದರು. "ಇದ್ರಲ್ಲಿ ನಿಮ್ಮ ಫೋಟೋಗಳೇ ಇರ್ಬೇಕು. ತಗೊಂಡು ಹೋಗಿ ನೋಡಿ, ಬೇಕಾದ್ದು ಇಟ್ಕೊಂಡು ಆಮೇಲೆ ತಂದ್ಕೊಡಿ" ಎಂದು ಕೈಗೆ ಕೊಟ್ಟರು.

ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು, ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಮೊದಲ ಫೋಟೋ ವಾನಳ್ಳಿ ರಸ್ತೆಯ ಒಂದು ಮನೆಯದು. ಗುರುತು ಸಿಕ್ಕಿತು, ನಾವೇ ಮಾರಿಸಿದ್ದು. ಆದರೆ ಫೋಟೋ ಹೊಸದು. ಗೋಡೆಗೆ ಬೇರೆ ಬಣ್ಣ, ಜಗಲಿಯಲ್ಲಿ ಯಾರದೋ ಮಗುವಿನ ಸೈಕಲ್. ಮುಂದಿನದು ಸಿದ್ದಾಪುರದ್ದು, ಅದೂ ನಾವು ಮಾರಿಸಿದ್ದೇ. ಹಾಗೆ ನೋಡುತ್ತ ಹೋದೆ. ತಾವು ತೆಗೆದುಕೊಟ್ಟು, ನಾನು ಮಾರಿಸಿದ ಪ್ರತಿಯೊಂದು ಮನೆಗೂ ಅವರು ಮತ್ತೆ ಹೋಗಿದ್ದರು. ಬಸ್ಸಿನಲ್ಲಿ, ಡಬ್ಬಿ ಕಟ್ಟಿಸಿಕೊಂಡು. ಮೊದಲ ಸಲ ಮುಂಭಾಗದ ಫೋಟೋ ತೆಗೆದಿದ್ದ ಜಾಗದಲ್ಲೇ ನಿಂತು ಇನ್ನೊಂದು ತೆಗೆದಿದ್ದರು. ಒಂದೊಂದು ಮನೆಗೆ ಒಂದೇ ಫೋಟೋ. ಕೆಲವು ಮನೆಗಳು ಅಲ್ಲಿರಲಿಲ್ಲ. ಮೂರಂತಸ್ತಿನ ಕಟ್ಟಡ ಇತ್ತು, ಇಲ್ಲವೇ ಬೇಲಿ ಹಾಕಿದ ಬಯಲು ಇತ್ತು. ಯಲ್ಲಾಪುರದ ಅಜ್ಜಿಯ ಮನೆಯ ಜಾಗದಲ್ಲಿ ಎರಡು ಮೆಟ್ಟಿಲು ಉಳಿದಿದ್ದವು, ಅವನ್ನು ಹತ್ತಿ ಹೋಗಲು ಏನೂ ಇರಲಿಲ್ಲ.

ಎಲ್ಲವೂ ಹೊರಗಿನಿಂದ, ರಸ್ತೆಯ ಮೇಲೆ ನಿಂತು ತೆಗೆದವು. ಕನ್ನಡಿಯಿಲ್ಲ. ಆದರೂ ಒಂದೊಂದನ್ನೂ ದೊಡ್ಡದು ಮಾಡಿ ಕಿಟಕಿ, ಬಾವಿಕಟ್ಟೆಯ ಕೊಡ, ನಿಂತ ಬೈಕಿನ ಟ್ಯಾಂಕು, ಎಲ್ಲ ಹುಡುಕಿದೆ. ಒಂದರಲ್ಲೂ ಅವರು ಇರಲಿಲ್ಲ. ಸೂರು ಹಾರಿಹೋಗುವ ಹಾಗೆ ಅತ್ತೆ. ಅಳು ನಿಂತಮೇಲೆ ಒಂದು ನಿರ್ಧಾರಕ್ಕೆ ಬಂದೆ. ಅವರ ಮನೆಯನ್ನು ಬೇರೆ ಯಾರೂ ತೆಗೆಯುವುದು ಬೇಡ. ಅವರ ಕ್ಯಾಮೆರಾದಲ್ಲಿ, ಅವರು ತೆಗೆಯುತ್ತಿದ್ದ ಹಾಗೆಯೇ, ಬಾಗಿಲು ತಟ್ಟಿ, ನೆಲದ ಮೇಲೆ ಕೂತು, ಬಿರುಕು ಕಲೆ ಎಲ್ಲ ಸೇರಿಸಿ ನಾನೇ ತೆಗೆಯುವುದು. ಹಾಗೆ ಮಾಡಿದರೆ ನನ್ನ ಎದೆಯ ಭಾರ ಇಳಿದೀತು ಎಂದು ನಂಬಿದೆ. ಚಾಚಿಗೆ ನಿಜ ಹೇಳುವ ಅಗತ್ಯವೂ ಉಳಿಯುವುದಿಲ್ಲ ಎಂದುಕೊಂಡೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದೆ. ಚಾಚಿ ಬಾಗಿಲು ತೆರೆದು ಮೊದಲು ನೋಡಿದ್ದು ಆ ಬ್ಯಾಗನ್ನು.

"ಮನೆ ಫೋಟೋ ನಾನೇ ತೆಗೀತೆ ಚಾಚಿ. ಅವರ ಕ್ಯಾಮೆರಾದಲ್ಲೇ."

"ನಿಮಗೆ ಬರ್ತದಾ?"

"ಅವರಷ್ಟು ಅಲ್ಲ. ಆದ್ರೂ ಅವರು ತೆಗೀತಿದ್ದ ಹಾಗೇ ತೆಗೀತೆ."

"ಇವರು ತೆಗೀತಿದ್ದ ಹಾಗೆ ತೆಗೆದ್ರೆ ಯಾರೂ ಬರೂದಿಲ್ಲ" ಎಂದರು ಚಾಚಿ. ದನಿಯಲ್ಲಿ ಕೋಪವಿರಲಿಲ್ಲ. "ಬೇಡ ಮೇಡಮ್ಮ. ಆ ಸಿದ್ದಾಪುರದ ಹುಡುಗಿ ಇದ್ದಾಳಲ್ಲ, ಇವರ ಬದ್ಲಿಗೆ ನೀವು ಕರ್ಕೊಂಡದ್ದು. ಅವಳನ್ನೇ ಕಳಿಸಿ. ಚೆಂದ ತೆಗೀತಾಳೆ ಅಂತ ಇವರೇ ಹೇಳ್ತಿದ್ರು."

ನನ್ನ ಕೈ ಬ್ಯಾಗಿನ ಪಟ್ಟಿಯ ಮೇಲೆಯೇ ನಿಂತಿತು. ನಿಮಗೆ ಗೊತ್ತಿತ್ತಾ ಎಂದು ಕೇಳಿದೆ.

"ಮೂರ್ನೇ ಸಲ ನಿಮಗೆ ಫೋನ್ ಮಾಡಿದ ದಿನವೇ ಹೇಳಿದ್ರು. ತಂಗಿಗೆ ಪಾಪ ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತಾ ಇಲ್ಲ, ಇನ್ನು ನಾನೇ ಫೋನ್ ಮಾಡೂದಿಲ್ಲ ಅಂದ್ರು. ಮಾರನೇ ದಿನ ಎಂಟು ಗಂಟೆಗೆ ಬ್ಯಾಗ್ ಹಾಕ್ಕೊಂಡು ಬಾಗಿಲಲ್ಲಿ ನಿಂತ್ರು. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ. ಡಬ್ಬಿ ಕಟ್ಟಿಕೊಟ್ಟೆ."

"ಮತ್ತೆ ಮೊನ್ನೆ ನನ್ನ ಕೆಲಸಕ್ಕೇ ಹೋದ್ರು ಅಂತ ಯಾಕೆ ಹೇಳಿದ್ರಿ?"

"ನೀವು ಎಂತ ಹೇಳ್ತೀರಿ ಅಂತ ನೋಡ್ಬೇಕಿತ್ತು."

ನಾನು ಬ್ಯಾಗನ್ನು ಇಳಿಸಿ ಸ್ಟೂಲಿನ ಮೇಲೆ ಇಟ್ಟೆ. ತಪ್ಪಾಯ್ತು ಚಾಚಿ ಎಂದೆ. ಎರಡು ಸಲ ಹೇಳಿದೆನೋ ಮೂರು ಸಲವೋ, ನೆನಪಿಲ್ಲ.

ಚಾಚಿ ಬ್ಯಾಗನ್ನು ಎತ್ತಿ ತಮ್ಮ ಎದೆಗೆ ಒತ್ತಿಕೊಂಡರು.

"ಅದನ್ನ ಇವರಿಗೆ ಹೇಳ್ಬೇಕಿತ್ತು. ನನಗೆ ನೀವು ಮನೆ ಮಾರಿಕೊಟ್ರೆ ಸಾಕು."

ಅಲ್ಲೇ ನಿಂತು ಸಿದ್ದಾಪುರಕ್ಕೆ ಫೋನ್ ಮಾಡಿದೆ.